ಸೀಳು ಮುಚ್ಚಿಕೊಂಡ ಮಧ್ಯಾಹ್ನ: ಪೆಟ್ರೋಲ್ ಕಟರ್ ಒದ್ದ ಒಂದು ಪ್ರಕರಣ

ನಮ್ಮ ಕಟರ್ ಆಪರೇಟರ್‌ಗೆ ಪೆಟ್ಟಾಗಿ ಮೂರು ವರ್ಷ ಆಯಿತು. ಅವತ್ತು ಸೈಟ್‌ನಲ್ಲಿ ಸೂಪರ್‌ವೈಸರ್ ಆಗಿದ್ದವನು ನಾನು. ಆಮೇಲೆ ಎಷ್ಟೋ ಕಡೆ ಇದೇ ಮೆಷಿನ್ ಹಿಡಿದ ಹುಡುಗರನ್ನು ನೋಡಿದ್ದೇನೆ. ಬಹಳ ಜನ ಅವತ್ತು ನಾವು ಮಾಡಿದ್ದನ್ನೇ ಮಾಡುತ್ತಾರೆ. ಅವರಿಗೆ ಏನೂ ಆಗಿಲ್ಲ, ಅದಕ್ಕೇ ಮಾಡುತ್ತಾ ಇರುತ್ತಾರೆ. ನಮಗೂ ಆ ದಿನದವರೆಗೆ ಏನೂ ಆಗಿರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಯಾರು ಅನ್ನೋದಕ್ಕಿಂತ ಪೈಪ್ ಹೇಗೆ ಮಲಗಿತ್ತು ಅನ್ನೋದು ಇಲ್ಲಿ ಮುಖ್ಯ.

ಓಣಿ, ಪೈಪ್, ಮೆಷಿನ್

ರಾಣೆಬೆನ್ನೂರಿನ ಒಂದು ಹಳೇ ಓಣಿ. ಎರಡೂ ಕಡೆ ಒಂದಕ್ಕೊಂದು ಅಂಟಿದ ಮನೆಗಳು, ನಡುವೆ ಹನ್ನೆರಡು ಅಡಿಯ ಕಾಂಕ್ರೀಟ್ ರಸ್ತೆ. ರಸ್ತೆ ಕೊಯ್ದು, ಟ್ರೆಂಚ್ ತೆಗೆದು, ಕುಡಿಯುವ ನೀರಿನ 200 ಎಂಎಂ ಡಿಐ ಪೈಪ್ ಇಳಿಸಿ, ಓಣಿಯ ತುದಿಯ ವಾಲ್ವ್‌ಗೆ ಕೂಡಿಸಬೇಕಿತ್ತು. ನಮ್ಮದು ಸಬ್ ಕಾಂಟ್ರಾಕ್ಟ್ ಹಿಡಿದ ಸಣ್ಣ ತಂಡ. ಆಪರೇಟರ್ ಒಬ್ಬ, ಹೆಲ್ಪರ್ ಒಬ್ಬ, ಮೇಸ್ತ್ರಿ, ಆರು ಜನ ಆಳು, ನಾನು.

ಡಿಐ ಅಂದರೆ ಡಕ್ಟೈಲ್ ಐರನ್, ಎರಕದ ಕಬ್ಬಿಣದಲ್ಲೇ ಸುಲಭಕ್ಕೆ ಒಡೆಯದ ಜಾತಿ. 200 ಎಂಎಂ ಅನ್ನೋದು ಹೆಸರಿಗೆ, ಹೊರಗಿನ ಅಳತೆ 222 ಎಂಎಂ. ಒಂದು ಪೈಪ್ 5.5 ಮೀಟರ್ ಉದ್ದ, ತೂಕ ಹತ್ತಿರ ಹತ್ತಿರ ಎರಡು ಕ್ವಿಂಟಲ್. ಗೋಡೆ ಮಾತ್ರ ಐದಾರು ಎಂಎಂ ದಪ್ಪ, ಅದರ ಒಳಗೆ ಮೂರು ಎಂಎಂ ಹತ್ತಿರ ಸಿಮೆಂಟ್ ಗಾರೆಯ ಲೈನಿಂಗ್. ಈ ಗೋಡೆಯ ದಪ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೆಷಿನ್ ಅಂದರೆ ಕೈಯಲ್ಲಿ ಹಿಡಿಯುವ ಪೆಟ್ರೋಲ್ ಕಟರ್. 14 ಇಂಚಿನ ಡಿಸ್ಕ್, ನಾಲ್ಕು ಎಚ್‌ಪಿಗಿಂತ ಜಾಸ್ತಿ ಶಕ್ತಿಯ ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲ್ ಬಿಟ್ಟು ಹತ್ತು ಕೆಜಿ ಹತ್ತಿರ ತೂಕ. ಮರ ಕೊಯ್ಯುವ ಚೈನ್ ಸಾ ತರಹವೇ ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ನಾಲ್ಕು ಇಂಚಿನ ಗ್ರೈಂಡರ್ ಬಳಸಿ ಕೈ ಪಳಗಿದವರಿಗೆ ಇದು ಅದರ ದೊಡ್ಡಣ್ಣನ ಹಾಗೆ ಕಾಣುತ್ತದೆ. ಹಾಗೆ ಅನಿಸುವುದರಲ್ಲೇ ಅಪಾಯ ಇದೆ. ಗ್ರೈಂಡರ್ ಸಿಕ್ಕಿಕೊಂಡರೆ ಮಣಿಕಟ್ಟು ತಿರುಚುತ್ತದೆ. ಇದು ಸಿಕ್ಕಿಕೊಂಡರೆ ಎದ್ದು ಬಂದು ಎದೆಗೋ ಮುಖಕ್ಕೋ ಬಡಿಯುತ್ತದೆ.

ಬೆಳಗ್ಗೆಯ ಧೂಳು

ಬೆಳಗ್ಗೆ ಎಂಟಕ್ಕೆ ಡೈಮಂಡ್ ಬ್ಲೇಡ್ ಹಾಕಿ ರಸ್ತೆ ಕೊಯ್ಯಲು ಶುರು ಮಾಡಿದೆವು. ಈ ಮೆಷಿನ್‌ಗೆ ನೀರಿನ ನಳಿಕೆ ಜೊತೆಗೇ ಬರುತ್ತದೆ. ಡಿಸ್ಕ್‌ಗೆ ಮುಚ್ಚಳದ ಹಾಗೆ ಇರುವ ಗಾರ್ಡ್‌ನ ಎರಡೂ ಬದಿಯಿಂದ ಬ್ಲೇಡ್ ಮೇಲೆ ನೀರು ಬೀಳುತ್ತದೆ. ನಮ್ಮದರ ನಳಿಕೆಯ ತುದಿ ಒಡೆದು ಎರಡು ತಿಂಗಳಾಗಿತ್ತು. ಯಾರೂ ರಿಪೇರಿ ಮಾಡಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಒಣಗೇ ಕೊಯ್ದೆವು. ಎರಡೇ ನಿಮಿಷಕ್ಕೆ ಓಣಿಯ ಆ ತುದಿ ಕಾಣದಷ್ಟು ಬಿಳಿ ಮೋಡ ಎದ್ದಿತು.

ಬ್ಯಾಡಗಿ ಅಲ್ಲೇ ಹತ್ತಿರ. ಫೆಬ್ರವರಿಯಲ್ಲಿ ಮನೆ ಮುಂದೆಲ್ಲ ಮೆಣಸಿನಕಾಯಿ ಒಣಗುತ್ತಿರುತ್ತದೆ. ಒಬ್ಬ ಅಜ್ಜಿ ಹೊರಗೆ ಬಂದವರೇ, "ವರ್ಷದ ಖಾರಕ್ಕ ಹಾಕಿದ ಕಾಯಿ ಅದಾವೋ ಯಪ್ಪಾ, ನಮಗ ಸಿಮೆಂಟ್ ತಿನ್ನಸ್ತೀರೇನು?" ಅಂತ ಬೈದರು. ಹೆಲ್ಪರ್ ಕೊಡದಲ್ಲಿ ನೀರು ತಂದು ತಂಬಿಗೆಯಿಂದ ಬ್ಲೇಡ್ ಮುಂದೆ ಸುರಿಯುತ್ತಾ ಹೋದ. ಧೂಳು ತಟ್ಟನೆ ಕೂತಿತು. ಅದು ಅಜ್ಜಿಯ ಮೆಣಸಿನಕಾಯಿಗಾಗಿ ತಂದ ನೀರು. ನಮ್ಮ ಹುಡುಗರ ಎದೆಗೂಡಿಗೂ ಅದು ಬೇಕಿತ್ತು ಅಂತ ನನಗೆ ಹೊಳೆದಿರಲಿಲ್ಲ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನದ ಅಪಘಾತಕ್ಕೂ ಧೂಳಿಗೂ ನೇರ ಸಂಬಂಧ ಇಲ್ಲ. ಆದರೂ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಕಾಂಕ್ರೀಟ್‌ನಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಶೇಕಡಾ 25ರಿಂದ 70ರವರೆಗೆ ಇರಬಹುದು, ಗ್ರಾನೈಟ್‌ನಲ್ಲಿ 20ರಿಂದ 45. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲಿ ನಿಲ್ಲುತ್ತದೆ. ಕಾಣದ ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಸಿಲಿಕೋಸಿಸ್, ಹಿಡಿದರೆ ಅದನ್ನು ವಾಸಿ ಮಾಡುವ ಔಷಧ ಇಲ್ಲ. ಅಮೆರಿಕದಲ್ಲಿ 2017ರಿಂದ ಕಟ್ಟಡ ಕೆಲಸಕ್ಕೆ ಜಾರಿಯಾದ ನಿಯಮದಂತೆ, ಎಂಟು ಗಂಟೆಯ ಸರಾಸರಿ ಹಿಡಿದರೆ ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂಗಿಂತ ಜಾಸ್ತಿ ಸಿಲಿಕಾ ಇರಬಾರದು. ಕೈ ಕಟರ್‌ಗೆ ಆ ನಿಯಮ ತೋರಿಸುವ ದಾರಿ ಮೆಷಿನ್‌ನಲ್ಲೇ ಕೂಡಿಸಿದ, ಬಿಡದೆ ಹರಿಯುವ ನೀರು. ಬ್ರಿಟನ್‌ನಲ್ಲಿ ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ಅನ್ನುತ್ತಾರೆ. ಅರ್ಧ ಲೀಟರ್ ಅಂದರೆ ಒಂದು ಕೊಡ ನೀರು ಇಪ್ಪತ್ತು ನಿಮಿಷದ ಮೇಲೆ ಬರುತ್ತದೆ. ಅಷ್ಟೂ ಇಲ್ಲದ ಊರು ಯಾವುದಿದೆ? ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಕಣ ನಿಲ್ಲೋದಿಲ್ಲ, ಎನ್95 ಮಾಸ್ಕಾದರೂ ಬೇಕು. ತಂಬಿಗೆಯಿಂದ ಸುರಿಯೋದೂ ಸರಿಯಾದ ದಾರಿ ಅಲ್ಲ. ಸುರಿಯುವವನು ಡಿಸ್ಕ್‌ನ ನೇರಕ್ಕೇ ನಿಲ್ಲಬೇಕಾಗುತ್ತದೆ. ಅವತ್ತು ಬೆಳಗ್ಗೆ ನಮ್ಮ ಹೆಲ್ಪರ್ ಎರಡು ಗಂಟೆ ಅಲ್ಲೇ ನಿಂತಿದ್ದ.

ಅಳತೆ ತಪ್ಪಿತು, ಡಿಸ್ಕ್ ಮುಗಿಯಿತು

ಊಟ ಆದ ಮೇಲೆ ಕೊನೆಯ ಪೈಪ್ ಇಳಿಸಿದೆವು. ವಾಲ್ವ್ ಕಡೆ 1.4 ಮೀಟರ್ ಜಾಸ್ತಿ ಉಳಿಯಿತು. ಮೇಲೇ ಅಳೆದು, ಕೊಯ್ದು, ಆಮೇಲೆ ಇಳಿಸಬೇಕಾದದ್ದು. ಅಳೆದವನು ನಾನೇ, ವಾಲ್ವ್‌ನ ಜಾಗ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮತ್ತೆ ಎತ್ತಬೇಕು ಅಂದರೆ ಜೆಸಿಬಿ ಬೇಕು, ಅದು ಪಕ್ಕದ ಓಣಿಗೆ ಹೋಗಿತ್ತು. ಸಂಜೆ ಐದಕ್ಕೆ ಆ ಭಾಗಕ್ಕೆ ನೀರು ಬಿಡುವ ಸರದಿ. "ಅಲ್ಲೇ ಕೊಯ್ದುಬಿಡಿ" ಅಂದೆ.

ಕಬ್ಬಿಣಕ್ಕೆ ಹಾಕುವ ಡಿಸ್ಕ್ ಪೆಟ್ಟಿಗೆಯಲ್ಲಿ ಒಂದೇ ಉಳಿದಿತ್ತು. ಅದರ ಅಂಚು ಮುಕ್ಕಾಗಿತ್ತು. ಹೆಲ್ಪರ್ ಬೈಕ್ ಹತ್ತಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ, "14 ಇಂಚಿನ ಕಟಿಂಗ್ ವೀಲ್ ಕೊಡ್ರಿ" ಅಂತ ಕೇಳಿದ. ಅಂಗಡಿಯವರು ಕೊಟ್ಟರು. ಅವರ ತಪ್ಪು ಏನೂ ಇಲ್ಲ. ಅಲ್ಲಿಗೆ ಬರೋರು ಬಹುಪಾಲು ಗ್ರಿಲ್ ಕೆಲಸದವರು. ಅವರು ಆ ಮಾತು ಹೇಳಿದರೆ ಅದರ ಅರ್ಥ ನೆಲದ ಮೇಲೆ ಕೂರಿಸುವ ಚಾಪ್ ಸಾ ಡಿಸ್ಕ್ ಅಂತ. ಅದೂ 14 ಇಂಚು, ನಡುವಿನ ತೂತು 25.4 ಎಂಎಂ. ನಮ್ಮ ಮೆಷಿನ್‌ಗೂ ಅದೇ ಅಳತೆ. ಸಲೀಸಾಗಿ ಕೂತಿತು. ಕೂತಿತಲ್ಲ ಅಂತ ನಟ್ ಬಿಗಿದರು.

ಟ್ರೆಂಚ್ ನಾಲ್ಕು ಅಡಿ ಆಳ. ಪೈಪ್‌ನ ಎರಡೂ ತುದಿಗೆ ಒಂದೊಂದು ಸೈಜುಗಲ್ಲು ಕೊಟ್ಟಿದ್ದೆವು. ನಡುಭಾಗ ನೆಲಕ್ಕೆ ತಾಗದೆ ನಾಲ್ಕು ಬೆರಳು ಮೇಲೆ ಇತ್ತು. ವಾಲ್ವ್ ಹತ್ತಿರ ಗುಂಡಿ ಅಗಲ ಮಾಡಿದ್ದರಿಂದ ಆಪರೇಟರ್ ಪೈಪ್‌ನ ಪಕ್ಕದಲ್ಲಿ ಅದರ ಕಡೆ ಮುಖ ಮಾಡಿ ನಿಲ್ಲೋಕೆ ಜಾಗ ಇತ್ತು. ಹಿಂದೆ ಸರಿಯೋಕೆ ಇರಲಿಲ್ಲ, ಬೆನ್ನಿಗೆ ಮಣ್ಣಿನ ಗೋಡೆ.

ಮೂರು ಇಪ್ಪತ್ತು

ಮೊದಲು ಮೇಲಿನಿಂದ ಕೊಯ್ದ. ಡಿಸ್ಕ್ ಹೋಗುವಷ್ಟೂ ಒಳಗೆ ಇಳಿಯಿತು. ಕಿಡಿ ಕಾಲಿನ ಕಡೆ ಬರುತ್ತಿತ್ತು. ಗೆರೆ ಕಾಣಲಿ ಅಂತ ಗಾರ್ಡ್ ಹಿಂದಕ್ಕೆ ತಿರುಗಿಸಿಕೊಂಡಿದ್ದ. ಆಮೇಲೆ ಮೆಷಿನ್ ತಗ್ಗಿಸಿ, ತನ್ನ ಕಡೆಯ ಬದಿಗೆ ಡಿಸ್ಕ್‌ನ ಮೂತಿಯನ್ನು, ಅಂದರೆ ಮುಂದಿನ ಅಂಚನ್ನು, ಒತ್ತಿದ. ಹೆಲ್ಪರ್ ಆ ಕಡೆ ಟ್ರೆಂಚ್ ಒಳಗೆ ಕೂತು ಪೈಪ್ ತುದಿ ಹಿಡಿದುಕೊಂಡಿದ್ದ. ನಾನು ಇಪ್ಪತ್ತು ಅಡಿ ದೂರದಲ್ಲಿ ಅಳತೆ ಪುಸ್ತಕ ಹಿಡಿದು ನಿಂತಿದ್ದೆ.

ಎಂಜಿನ್ ಸದ್ದು ಒಮ್ಮೆಲೇ ಕುಗ್ಗಿತು. ಕಣ್ಣು ಎತ್ತೋದರೊಳಗೆ ಟಪ್ ಅಂತ ಇನ್ನೊಂದು ಸದ್ದು, ಅದರ ಹಿಂದೆಯೇ ಎಂಜಿನ್ ಕಿರುಚಿತು. ಆಪರೇಟರ್ ಮಣ್ಣಿನ ಗೋಡೆಗೆ ಒರಗಿ ಕುಸಿದ. ಮೆಷಿನ್ ಅವನ ಎಡ ಹೆಗಲ ಮೇಲಿತ್ತು. ಮೇಸ್ತ್ರಿ ಗುಂಡಿಗೆ ಹಾರಿ ಸ್ವಿಚ್ ಆಫ್ ಮಾಡಿದರು.

ಎಡಗಡೆ ಕಾಲರ್ ಬೋನ್ ಮುರಿದಿತ್ತು. ಎಡ ಮುಂಗೈಗೆ ಡಿಸ್ಕ್‌ನ ಚೂರು ಬಡಿದು ಒಂಬತ್ತು ಹೊಲಿಗೆ ಬಿದ್ದವು. ಮುಖದ ಶೀಲ್ಡ್ ಮೇಲೆ ಗದ್ದದಿಂದ ಹಣೆವರೆಗೆ ಉದ್ದಕ್ಕೆ ಬಿರುಕು. ಶೀಲ್ಡ್ ಹಾಕಿಸಿದ್ದು ಮೇಸ್ತ್ರಿ. "ಕನ್ನಡಕ ಸಾಲಂಗಿಲ್ಲ, ಶೀಲ್ಡ್ ಹಾಕ್ಕೊ" ಅಂತ ಅವರು ಗದರಿಸಿರದಿದ್ದರೆ ನಾನು ಇವತ್ತು ಬೇರೆಯದೇ ಬರೆಯಬೇಕಾಗುತ್ತಿತ್ತು. ಇನ್ನೊಂದು ಚೂರು ಹೆಲ್ಪರ್ ಕಿವಿಯ ಪಕ್ಕ ಹಾದು ಟ್ರೆಂಚ್ ಗೋಡೆಯಲ್ಲಿ ಎರಡು ಬೆರಳು ಆಳಕ್ಕೆ ಹೂತಿತ್ತು. ಅದನ್ನು ಕಿತ್ತು ತೆಗೆದವನು ಅವನೇ. ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ದಾವಣಗೆರೆಗೆ ಕರೆದುಕೊಂಡು ಹೋದೆವು. ಮೂಳೆಗೆ ಪ್ಲೇಟ್ ಹಾಕಿದರು.

"ಡಿಸ್ಕ್ ಸರಿ ಇರಲಿಲ್ಲ"

ಅವತ್ತು ಸಂಜೆಯೇ ತೀರ್ಮಾನ ಆಗಿಹೋಯಿತು. ಒಡೆದ ಚೂರು ಕೈಯಲ್ಲೇ ಇತ್ತು. ಅದರ ಲೇಬಲ್ ಮೇಲೆ ಸೆಕೆಂಡಿಗೆ 80 ಮೀಟರ್, 4,300 ಆರ್‌ಪಿಎಂ ಅಂತ ಅಚ್ಚಾಗಿತ್ತು. ನಮ್ಮ ಮೆಷಿನ್ ಪ್ಲೇಟ್ ಮೇಲೆ 5,100. ತಪ್ಪು ಡಿಸ್ಕ್, ಒಡೆಯಿತು, ಪೆಟ್ಟಾಯಿತು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿ ಅದನ್ನೇ ವರದಿಯಲ್ಲಿ ಬರೆದೆ.

ಆ ಲೆಕ್ಕ ಸುಳ್ಳೇನಲ್ಲ. 14 ಇಂಚಿನ ಡಿಸ್ಕ್‌ನ ಸುತ್ತಳತೆ 1.1 ಮೀಟರ್ ಚಿಲ್ಲರೆ. ನಿಮಿಷಕ್ಕೆ 5,100 ಸುತ್ತು ಅಂದರೆ ಅಂಚು ಸೆಕೆಂಡಿಗೆ 95 ಮೀಟರ್ ಓಡುತ್ತದೆ, ಗಂಟೆಗೆ 340 ಕಿಲೋಮೀಟರ್. ವೇಗ ಏರಿದಷ್ಟೇ ಅಳತೆಯಲ್ಲಿ ಡಿಸ್ಕ್ ಒಳಗಿನ ಎಳೆತ ಏರೋದಿಲ್ಲ, ಅದರ ವರ್ಗದಷ್ಟು ಏರುತ್ತದೆ. 80ಕ್ಕೆ ಮಾಡಿದ ಡಿಸ್ಕ್‌ ಅನ್ನು 95ರಲ್ಲಿ ಓಡಿಸಿದರೆ ವೇಗ ಶೇಕಡಾ 19ರಷ್ಟು ಜಾಸ್ತಿ, ಎಳೆತ ಶೇಕಡಾ 40ರಷ್ಟು ಜಾಸ್ತಿ. ಕೈಯಲ್ಲಿ ಹಿಡಿಯುವ ಪೆಟ್ರೋಲ್ ಕಟರ್‌ಗೆ ಸೆಕೆಂಡಿಗೆ 100 ಮೀಟರ್ ಅಂತ ಬರೆದ ಡಿಸ್ಕ್ ಬೇಕು. ಡಿಸ್ಕ್ ಮೇಲಿನ ಆರ್‌ಪಿಎಂ ಮೆಷಿನ್‌ನದ್ದಕ್ಕಿಂತ ಜಾಸ್ತಿ ಇಲ್ಲವೇ ಅಷ್ಟೇ ಇರಬೇಕು, ಕಮ್ಮಿ ಇದ್ದರೆ ಹಾಕುವ ಹಾಗೇ ಇಲ್ಲ. ತೂತು ಕೂಡಿತು ಅನ್ನೋದು ಯಾವುದಕ್ಕೂ ಸಾಕ್ಷಿ ಅಲ್ಲ.

ಆದರೆ ವರದಿ ಕೊಡುವಾಗ ಒಂದು ಕೆಲಸ ಬಿಟ್ಟಿದ್ದೆ. ಮೆಷಿನ್ ಹಿಡಿದಿದ್ದವನನ್ನು ಯಾರೂ ಕೇಳಿರಲಿಲ್ಲ.

ಮೂರನೇ ದಿನ ಆಸ್ಪತ್ರೆಗೆ ಹೋದಾಗ ಎಳನೀರು ಕೊಟ್ಟು ಪಕ್ಕದಲ್ಲಿ ಕೂತೆ. "ಡಿಸ್ಕ್ ಒಡೆದದ್ದಕ್ಕೆ ಹಿಂಗಾಯ್ತು ನೋಡಪ್ಪ" ಅಂದೆ. ಅವನು ತಲೆ ಅಲ್ಲಾಡಿಸಿದ.

"ಇಲ್ರಿ ಸರ. ಡಿಸ್ಕ್ ಆಮ್ಯಾಲ ಒಡೀತು. ಮೊದ್ಲ ಸೀಳು ಹಿಡ್ಕೊಂತ್ರಿ. ಸದ್ದ ಬದ್ಲಾತಲ್ರಿ, ಕುಂಯ್ ಅನ್ನೋದು ಗುರ್ ಅಂತು. ಬಿಡಬೇಕು ಅನ್ನೋದ್ರಾಗ ಒದ್ದಬಿಡ್ತು."

ಪೈಪ್ ಹೇಳಿದ್ದು

ವಾಪಸ್ ಬಂದವನೇ ಟ್ರೆಂಚ್‌ಗೆ ಇಳಿದೆ. ಪುಣ್ಯಕ್ಕೆ ಪೈಪ್ ಇನ್ನೂ ಅಲ್ಲೇ ಇತ್ತು. ಡಿಸ್ಕ್ ಮೂರು ಎಂಎಂ ದಪ್ಪದ್ದು, ಆದ್ದರಿಂದ ಸೀಳು ಎಲ್ಲ ಕಡೆ ಮೂರಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು. ಬದಿಯಲ್ಲಿ ಹಾಗೇ ಇತ್ತು. ಪೈಪ್‌ನ ನೆತ್ತಿಯಲ್ಲಿ ಮಾತ್ರ ನನ್ನ ಬೈಕ್ ಕೀಲಿಯೂ ತೂರಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಸೀಳಿನ ಎರಡೂ ಗೋಡೆಯ ಮೇಲೆ ಕನ್ನಡಿಯ ಹಾಗೆ ಹೊಳೆಯುವ ಕಮಾನು ಗುರುತು. ಅದರ ಅಂಚು ಬಿಸಿಗೆ ನೀಲಿಯಾಗಿತ್ತು. ಡಿಸ್ಕ್ ಕೊಯ್ದ ಜಾಗ ಒರಟಾಗಿರುತ್ತದೆ. ಹೀಗೆ ಹೊಳೆಯಬೇಕಾದರೆ ಡಿಸ್ಕ್‌ನ ಮಗ್ಗುಲು ಉಜ್ಜಿರಬೇಕು. ಅಂದರೆ ಪೈಪ್ ಎರಡೂ ಕಡೆಯಿಂದ ಡಿಸ್ಕ್‌ ಅನ್ನು ಅದುಮಿ ಹಿಡಿದಿತ್ತು. ಹುಡುಗ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಯಾಕೆ ಹಿಡಿಯಿತು? ಎರಡು ತುದಿಗೆ ಕಲ್ಲು, ನಡುವೆ ಖಾಲಿ. ಕಬ್ಬಿಣದ ಪೈಪ್ ಬಾಗೋದಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಪೂರ್ತಿ ಇದ್ದಾಗ ಬಾಗೋದು ಕಣ್ಣಿಗೆ ಕಾಣೋದಿಲ್ಲ, ನಿಜ. ನೆತ್ತಿ ಮತ್ತು ಒಂದು ಬದಿ ಕೊಯ್ದ ಮೇಲೆ ಅದು ಪೈಪ್ ಅಲ್ಲ, ತಳದಲ್ಲಿ ಕೀಲು ಇರುವ ಎರಡು ತುಂಡು. ಎರಡು ಕ್ವಿಂಟಲ್ ತೂಕ ನಡುವನ್ನು ಕೆಳಗೆ ಎಳೆಯುತ್ತದೆ, ಮೇಲಿನ ಸೀಳು ಬಾಯಿ ಮುಚ್ಚುತ್ತದೆ. ಚಿಕ್ಕಂದಿನಲ್ಲಿ ಬೆಣೆ ಕಿತ್ತ ಕೋತಿಯ ಕಥೆ ಎಲ್ಲರೂ ಕೇಳಿದ್ದೇವೆ ಅಲ್ವಾ? ಅರ್ಧ ಸೀಳಿದ ದಿಮ್ಮಿ, ನಡುವೆ ಬೆಣೆ, ಬೆಣೆ ಕಿತ್ತ ಕೂಡಲೇ ಸೀಳು ಮುಚ್ಚುತ್ತದೆ. ಗರಗಸ ಎಳೆಯುವವರು ಆ ಬೆಣೆ ಯಾಕೆ ಹೊಡೆಯುತ್ತಾರೆ ಅಂತ ಗೊತ್ತಿದ್ದೂ ನಾವು ಪೈಪ್‌ಗೆ ಬೆಣೆ ಹೊಡೆಯಲಿಲ್ಲ.

ಇನ್ನು ಒದೆತ. ಆಪರೇಟರ್‌ನ ಬಲಗಡೆ ನಿಂತು ಡಿಸ್ಕ್‌ ಅನ್ನು ಗಡಿಯಾರ ಅಂತ ನೋಡಿ. ಅದು ಗಡಿಯಾರದ ಮುಳ್ಳಿನ ಹಾಗೇ ತಿರುಗುತ್ತದೆ. ಮೂತಿಯ ಕೆಳಭಾಗ, ಅಂದರೆ 3ರಿಂದ 6ರವರೆಗಿನ ಭಾಗ ಸಿಕ್ಕಿಕೊಂಡರೆ ಮೆಷಿನ್ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಅದೂ ಅಪಾಯವೇ, ಆದರೆ ನಮ್ಮಿಂದ ದೂರಕ್ಕೆ. ಮೂತಿಯ ಮೇಲ್ಭಾಗ, 12ರಿಂದ 3ರವರೆಗೆ, ಡಿಸ್ಕ್ ಮುಂದಕ್ಕೂ ಕೆಳಕ್ಕೂ ಓಡುತ್ತಿರುತ್ತದೆ. ಅಲ್ಲಿ ಹಿಡಿದರೆ ಮೆಷಿನ್ ಉಲ್ಟಾ ಬರುತ್ತದೆ, ಹಿಂದಕ್ಕೂ ಮೇಲಕ್ಕೂ, ನಮ್ಮ ಕಡೆಗೇ. ಪುಸ್ತಕದಲ್ಲಿ ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ, ಹುಡುಗರು ಒದೀತೈತಿ ಅನ್ನುತ್ತಾರೆ. ಹುಡುಗರ ಮಾತೇ ಸರಿಯಾಗಿದೆ.

ನಮ್ಮ ಆಪರೇಟರ್ ಪೈಪ್‌ನ ಬದಿಗೆ ಮೂತಿ ಒತ್ತಿದಾಗ ಡಿಸ್ಕ್‌ನ 12ರಿಂದ 3ರ ಭಾಗ ಎಲ್ಲಿತ್ತು? ಈಗಾಗಲೇ ಕೊಯ್ದಿದ್ದ ಮೇಲಿನ ಸೀಳಿನೊಳಗೆ. ಯಾವುದು ಮುಚ್ಚುತ್ತಾ ಬರುತ್ತಿತ್ತೋ ಅದೇ ಸೀಳಿನೊಳಗೆ. ಒದೆಯುವ ಜಾಗವನ್ನೇ ಕಚ್ಚುವ ಬಾಯಿಗೆ ಕೊಟ್ಟಿದ್ದೆವು. ಮೆಷಿನ್ ಎದ್ದಿತು. ಎದ್ದಾಗ ಡಿಸ್ಕ್ ಸೀಳಿನೊಳಗೆ ತಿರುಚಿಕೊಂಡಿತು. ಆಗ ಒಡೆಯಿತು.

ನೂರು ಮೀಟರ್ ಅಂತ ಬರೆದ ಸರಿಯಾದ ಡಿಸ್ಕ್ ಇದ್ದಿದ್ದರೂ ಅವತ್ತು ಮೆಷಿನ್ ಒದೆಯುತ್ತಿತ್ತು. ಹೆಗಲ ಮೂಳೆ ಮುರಿಯುತ್ತಿತ್ತು. ತಪ್ಪು ಡಿಸ್ಕ್ ಎರಡನೇ ಗಾಯಕ್ಕೆ ಕಾರಣ, ಮೊದಲನೆಯದಕ್ಕೆ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. "ಒಳ್ಳೇ ಡಿಸ್ಕ್ ತರಿಸಿ" ಅಂತ ವರದಿ ಮುಗಿಸಿದ್ದರೆ, ಮುಂದಿನ ಓಣಿಯಲ್ಲಿ ಒಳ್ಳೇ ಡಿಸ್ಕ್ ಹಾಕಿಕೊಂಡು ಅದೇ ಎರಡು ಕಲ್ಲಿನ ಮೇಲೆ ಪೈಪ್ ಮಲಗಿಸುತ್ತಿದ್ದೆವು. ಹಳೇ ವರದಿ ವಾಪಸ್ ತೆಗೆದುಕೊಂಡು ಹೊಸದು ಬರೆದೆ. ಮೊದಲ ಸಾಲಿನಲ್ಲಿ ಕಲ್ಲಿನ ವಿಷಯ ಹಾಕಿದೆ, ಎರಡನೇ ಸಾಲಿನಲ್ಲಿ ನನ್ನ ಅಳತೆಯ ವಿಷಯ.

ಅದೇ ಪೈಪ್, ಎರಡನೇ ಸಲ

ಮಾರನೇ ದಿನ ಜೆಸಿಬಿ ತರಿಸಿ ಪೈಪ್ ಮೇಲೆ ಎತ್ತಿಸಿದೆ. ತುದಿಗಳ ಕೆಳಗೆ ಕಲ್ಲು ಇಡಲಿಲ್ಲ. ಗುರುತಿನ ಎರಡೂ ಪಕ್ಕ, ಒಂದೊಂದು ಗೇಣು ದೂರದಲ್ಲಿ ಮರಳು ಚೀಲ ಇಟ್ಟೆವು. ತುದಿಗಳ ಕಡೆ ಇಟ್ಟ ಚೀಲ ಎರಡು ಬೆರಳು ತಗ್ಗಿನಲ್ಲಿ. ಹೀಗೆ ಇಟ್ಟರೆ ತೂಕ ಹೊರಕ್ಕೆ ಜಗ್ಗುತ್ತದೆ, ಸೀಳಿನ ಬಾಯಿ ತೆರೆಯುತ್ತದೆ. ಪೈಪ್ ಉರುಳದಂತೆ ಎರಡೂ ಬದಿ ಬೆಣೆ.

ಆಮೇಲೆ ಗೋಡೆಯ ದಪ್ಪದ ಮಾತು. ಗೋಡೆ, ಲೈನಿಂಗ್ ಎಲ್ಲ ಸೇರಿ ಒಂದು ಸೆಂಟಿಮೀಟರ್ ಕೂಡ ಇಲ್ಲ. ಹಾಗಿದ್ದಾಗ ಡಿಸ್ಕ್‌ ಅನ್ನು ಅಷ್ಟು ಆಳಕ್ಕೆ ಮುಳುಗಿಸೋದು ಯಾಕೆ? ಪೈಪ್ ಒಳಗೆ ಟೊಳ್ಳು. ನೆತ್ತಿಯ ಮೇಲೆ ಒಂದೂವರೆ ಸೆಂಟಿಮೀಟರ್ ಇಳಿಸಿ ಗೀರು ಎಳೆದರೆ ಗೋಡೆ ಕೊಯ್ದುಹೋಗುತ್ತದೆ. ಮೆಷಿನ್ ಆಫ್ ಮಾಡಿ ಪೈಪ್ ಸ್ವಲ್ಪ ಉರುಳಿಸಿ, ಬೆಣೆ ಕೊಟ್ಟು, ಮತ್ತೆ ನೆತ್ತಿಯ ಮೇಲೇ ಕೊಯ್ಯೋದು. ಹೀಗೆ ಮಾಡಿದರೆ ಡಿಸ್ಕ್‌ನ ಕೆಳಭಾಗ ಮಾತ್ರ ಕೆಲಸ ಮಾಡುತ್ತದೆ, ಒದೆಯುವ ಭಾಗ ಪೈಪ್‌ಗೆ ತಾಗೋದೇ ಇಲ್ಲ. ಹೊಸ ಡಿಸ್ಕ್ ಹಾಕಿ, ಯಾರೂ ಎದುರಿಗೆ ಇಲ್ಲದ ಕಡೆ ಮೂತಿ ಮಾಡಿ, ಒಂದು ನಿಮಿಷ ಖಾಲಿ ಓಡಿಸಿದ ಮೇಲೆಯೇ ಕೊಯ್ಯಲು ಬಿಟ್ಟೆ. ಆರು ಸಲ ಉರುಳಿಸಿದೆವು. ಕೊನೆಯ ಗೀರು ಮುಗಿದಾಗ ತುಂಡು ಎರಡು ಬೆರಳು ತಗ್ಗಿ ಚೀಲದ ಮೇಲೆ ಕೂತಿತು. ಸೀಳು ಒಂದು ಸಲವೂ ಹಿಡಿಯಲಿಲ್ಲ.

ಕೂಡಿಸಿ ಆಗಿಹೋದ ಹಳೇ ಲೈನ್ ಆದರೆ ಎತ್ತೋಕೂ ಆಗಲ್ಲ, ಉರುಳಿಸೋಕೂ ಆಗಲ್ಲ. ಅದು ಕಷ್ಟದ ಕೆಲಸ. ಸುತ್ತಲೂ ಕೆಳಗೂ ಮಣ್ಣು ತೆಗೆದು ಜಾಗ ಮಾಡಬೇಕು, ಗುರುತಿನ ಪಕ್ಕದಲ್ಲೇ ಆಸರೆ ಕೊಡಬೇಕು, ತೆಳು ಗೀರಿನ ಮೇಲೆ ಗೀರು ಎಳೆಯಬೇಕು, ಕೊಯ್ದ ಕಡೆಯೆಲ್ಲ ಬೆಣೆ ಹೊಡೆಯುತ್ತಾ ಬರಬೇಕು. ತಳದ ಭಾಗಕ್ಕೆ ಡಿಸ್ಕ್ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ಕೊಡುವ ಹಾಗೇ ಇಲ್ಲ, ಅದು ನೇರ ಒದೆಯುವ ಭಾಗ. ನಾವು ಈಗ ಆ ಭಾಗಕ್ಕೆ ಚೈನ್ ಸುತ್ತುವ ಪೈಪ್ ಕಟರ್ ಬಾಡಿಗೆಗೆ ತರುತ್ತೇವೆ. ಒಂದು ದಿನ ಹೋಗುತ್ತದೆ, ಹೋಗಲಿ.

ಉಳಿದ ತಪ್ಪುಗಳು

ಗಾರ್ಡ್ ಬಗ್ಗೆ ಹೇಳಲೇಬೇಕು. ಅದರ ಹಿಂಬದಿ ಕೊಯ್ಯುವ ವಸ್ತುವಿಗೆ ತಾಗಿಕೊಂಡಂತೆ ಇಟ್ಟರೆ ಕಿಡಿ, ಚೂರು ನಮ್ಮಿಂದ ಬೇರೆ ಕಡೆ ಹೋಗುತ್ತವೆ. ನಮ್ಮವನು ಹಿಂದಕ್ಕೆ ತಿರುಗಿಸಿದ್ದರಿಂದ ಚೂರಿಗೆ ಅವನ ಮುಂಗೈವರೆಗೆ ದಾರಿ ಸಿಕ್ಕಿತು. ಗೆರೆ ಕಾಣಲಿಲ್ಲ ಅಂತ ತಿರುಗಿಸಿದ. ಸೀಮೆಸುಣ್ಣದ ಗೆರೆ ಅಳಿಸಿಹೋಗಿತ್ತು. ಈಗ ಪೈಪ್ ಸುತ್ತ ಬಣ್ಣದ ಟೇಪ್ ಸುತ್ತಿ, ಅದರ ಅಂಚಿಗೆ ಕೊಯ್ಯುತ್ತೇವೆ.

ನಿಲ್ಲುವ ರೀತಿ. ಡಿಸ್ಕ್‌ನ ನೇರಕ್ಕೆ ಮೈ ಇರಬಾರದು, ಒಂದು ಪಕ್ಕಕ್ಕೆ ಇರಬೇಕು. ಎಡಗೈ ನೆಟ್ಟಗೆ, ಹೆಬ್ಬೆರಳು ಹಿಡಿಯ ಸುತ್ತ ಬಂದಿರಬೇಕು. ಹೆಬ್ಬೆರಳು ಮೇಲಿಟ್ಟು ಹಿಡಿದರೆ ಒದೆತಕ್ಕೆ ಹಿಡಿ ಜಾರಿಹೋಗುತ್ತದೆ. ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಬೆನ್ನ ಹಿಂದೆ ಸರಿಯೋಕೆ ಜಾಗ ಇರಬೇಕು. ನಮ್ಮ ಗುಂಡಿಯಲ್ಲಿ ಅದು ಇರಲಿಲ್ಲ. ಇನ್ನೊಂದು ಅಡಿ ತೋಡಿಸೋಕೆ ಎರಡು ಆಳಿಗೆ ಕಾಲು ಗಂಟೆಯ ಕೆಲಸ.

ಟ್ರೆಂಚ್ ಒಳಗೇ ಎರಡು ಸಲ ಪೆಟ್ರೋಲ್ ತುಂಬಿಸಿದ್ದೆವು ಅಂತ ಆಮೇಲೆ ಗೊತ್ತಾಯಿತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಮುಂದಿನ ಕಿಡಿ ಅಲ್ಲೇ ಬೀಳೋದು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಆಳದ, ಗಾಳಿಯಾಡದ ಗುಂಡಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಈ ಮೆಷಿನ್ ಓಡಿಸಲೇಬಾರದು. ಆಕ್ಸಿಲರೇಟರ್ ಬಿಟ್ಟ ಮೇಲೂ ಡಿಸ್ಕ್ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಅದು ನಿಂತ ಮೇಲೆಯೇ ಕೆಳಗೆ ಇಡೋದು. ಒದೆತ ಬಂದ ಕೂಡಲೇ ಡಿಸ್ಕ್ ನಿಲ್ಲಿಸುವ ಬ್ರೇಕ್ ಇರುವ ಮೆಷಿನ್‌ಗಳೂ ಈಗ ಬಂದಿವೆ. ನಮ್ಮದರಲ್ಲಿ ಇರಲಿಲ್ಲ.

ಡಿಸ್ಕ್ ಪೆಟ್ಟಿಗೆಯನ್ನು ಅವತ್ತೇ ಖಾಲಿ ಮಾಡಿ ನೋಡಿದೆ. ಒದ್ದೆ ಡೈಮಂಡ್ ಬ್ಲೇಡ್ ಕೆಳಗೆ, ಅದರ ಮೇಲೆ ಒದ್ದೆ ಗೋಣಿಚೀಲ, ಅದರ ಮೇಲೆ ಕಬ್ಬಿಣಕ್ಕೆ ಹಾಕುವ ರೆಸಿನ್ ಡಿಸ್ಕ್. ರೆಸಿನ್ ಡಿಸ್ಕ್ ನೀರು ಹೀರುತ್ತದೆ, ಹೀರಿದರೆ ತೂಕ ಒಂದು ಕಡೆಗೆ ವಾಲಿ ತಿರುಗುವಾಗ ನಡುಗುತ್ತದೆ. ಅದರ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಬಹಳ ಜನ ಅದನ್ನು ತಯಾರಾದ ದಿನ ಅಂದುಕೊಳ್ಳುತ್ತಾರೆ. ಅದು ಅವಧಿ ಮುಗಿಯುವ ದಿನ, ತಯಾರಾದಲ್ಲಿಂದ ಮೂರು ವರ್ಷ. ನಮ್ಮ ಪೆಟ್ಟಿಗೆಯ ಆ ಮುಕ್ಕಾದ ಡಿಸ್ಕ್‌ನ ಅವಧಿ ಮುಗಿದು ಐದು ತಿಂಗಳಾಗಿತ್ತು. ಹೊಸದು ತರೋಕೆ ಕಳಿಸಿದ್ದು ಸರಿಯೇ, ಏನು ಕೇಳಬೇಕು ಅಂತ ಹೇಳಿ ಕಳಿಸಿರಲಿಲ್ಲ. ಈಗ ಹೆಲ್ಪರ್ ಅಂಗಡಿಗೆ ಹೋಗುವಾಗ ಒಂದು ಚೀಟಿ ಒಯ್ಯುತ್ತಾನೆ: 350 ಎಂಎಂ, ತೂತು 25.4, ಸೆಕೆಂಡಿಗೆ 100 ಮೀಟರ್, ಪೆಟ್ರೋಲ್ ಕಟರ್‌ದು, ಕಬ್ಬಿಣಕ್ಕೆ.

ಆಸ್ಪತ್ರೆ ಖರ್ಚು, ಕೂತ ದಿನಗಳ ಕೂಲಿ ಗುತ್ತಿಗೆದಾರರು ಕೊಟ್ಟರು. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಅವನ ಹತ್ತಿರ ಇತ್ತು, ನವೀಕರಣ ಆಗಿರಲಿಲ್ಲ. ಅದು ಆಗಿದ್ದರೆ ಅಲ್ಲಿಂದಲೂ ನೆರವು ಕೇಳಬಹುದಿತ್ತು. ಈಗ ಪ್ರತಿ ಹೊಸ ಕೆಲಸ ಶುರು ಮಾಡುವ ಮೊದಲು ಎಲ್ಲರ ಕಾರ್ಡ್ ತೆಗೆದು ದಿನಾಂಕ ನೋಡುತ್ತೇನೆ.

ನಾಲ್ಕು ತಿಂಗಳ ಮೇಲೆ ಅವನು ಕೆಲಸಕ್ಕೆ ವಾಪಸ್ ಬಂದ. ಎಡಗೈ ಹಿಡಿತ ಮೊದಲಿನಷ್ಟು ಬಂದಿಲ್ಲ. ಹತ್ತು ಕೆಜಿ ಮುಂದೆ ಚಾಚಿ ಹಿಡಿದರೆ ಹೆಗಲು ನಡುಗುತ್ತದೆ. ಆದ್ದರಿಂದ ಮೆಷಿನ್ ಈಗ ಬೇರೆ ಹುಡುಗನ ಕೈಯಲ್ಲಿದೆ. ಇವನು ಚೀಲ ಇಡಿಸುತ್ತಾನೆ, ಬೆಣೆ ಹೊಡೆಸುತ್ತಾನೆ. ಪೈಪ್‌ನ ಎರಡೂ ತುದಿ ಒಂದೊಂದು ಸಲ ಕೈಯಿಂದ ಅದುಮಿ ನೋಡಿ, ಬಗ್ಗಿ ಗುರುತಿನ ಕೆಳಗೆ ಕಣ್ಣು ಹಾಯಿಸಿ, "ಹೂಂ, ಇನ್ನ ಎಳಿ" ಅನ್ನುತ್ತಾನೆ. ಅಲ್ಲಿವರೆಗೆ ನಮ್ಮ ಸೈಟ್‌ನಲ್ಲಿ ಯಾರೂ ಸ್ಟಾರ್ಟರ್ ಹಗ್ಗ ಮುಟ್ಟುವುದಿಲ್ಲ.